ಪುಲಿ ಎಂದರೆ ಹುಲಿಯಲ್ಲ: ವಯನಾಡಿನ ಕಾಡಿಗೆ ಹೊರಡುವವರಿಗೆ

ಮುತ್ತಂಗದ ಸಫಾರಿ ಜೀಪಿನಲ್ಲಿ ಗೈಡ್ ಕೈಯೆತ್ತಿ "ಪುಲಿ" ಎಂದು ಪಿಸುಗುಟ್ಟಿದಾಗ, ಹಿಂದೆ ಕೂತಿದ್ದ ನಮ್ಮ ಮನೆಯವರೆಲ್ಲ ಒಮ್ಮೆಗೇ ಎದ್ದು ನಿಂತರು. ಜೀಪು ನಿಂತಿತು. ಮಣ್ಣುದಾರಿಯ ಅಂಚಿನಲ್ಲಿ ಅಂಗೈಗಿಂತ ಚಿಕ್ಕದೊಂದು ಹೆಜ್ಜೆಗುರುತು, ರಾತ್ರಿಯ ಇಬ್ಬನಿಯಲ್ಲಿ ಒದ್ದೆಯಾಗಿ ಕೂತಿತ್ತು. ಗೈಡ್ ತೋರಿಸಿದ್ದು ಚಿರತೆಯ ಹೆಜ್ಜೆ. ಮಲಯಾಳದಲ್ಲಿ ಹುಲಿಗೆ 'ಕಡುವ' ಎನ್ನುತ್ತಾರೆ. ಬರೀ 'ಪುಲಿ' ಎಂದರೆ ಆಡುಮಾತಿನಲ್ಲಿ ಚಿರತೆಯೇ. ಕನ್ನಡದ ಕಿವಿ ಅದನ್ನು ತನಗೆ ಬೇಕಾದ ಹಾಗೆ ಕೇಳಿಸಿಕೊಂಡಿತ್ತು.

ಅಂದಿನಿಂದ ವಯನಾಡಿಗೆ ಹೊರಟವರು ಯಾರು ಕೇಳಿದರೂ ನಾನು ಹೇಳುವ ಮೊದಲ ಮಾತು ಇದೇ. ಆ ಕಾಡು ನಮಗೆ ಅರ್ಧ ಗೊತ್ತಿರುವ ಕಾಡು. ಬಂಡೀಪುರ, ನಾಗರಹೊಳೆಗಳ ಮುಂದುವರಿಕೆ ಅದು. ಅಲ್ಲಿನ ಮಾತು ಅರ್ಧ ಅರ್ಥವಾಗುತ್ತದೆ, ಮರಗಳ ಗುರುತು ಸಿಗುತ್ತದೆ, ಗಡಿಯ ಆಚೆ ಇರುವ ಆನೆ ವರ್ಷದ ಕೆಲವು ತಿಂಗಳು ನಮ್ಮದೇ ಆನೆ. ಇನ್ನರ್ಧವನ್ನು ಮಾತ್ರ ಗೈಡಿನ ಹಿಂದೆ ನಡೆದೇ ಕಲಿಯಬೇಕು. ಈ ಲೇಖನ ಆ ಇನ್ನರ್ಧಕ್ಕಾಗಿ.

ಈಚಿನ ವರ್ಷಗಳಲ್ಲಿ ಕನ್ನಡದ ಎಷ್ಟೋ ಕುಟುಂಬಗಳು ಕೀನ್ಯಾದ ಮಸಾಯಿ ಮಾರಾಕ್ಕೆ, ತಾಂಜಾನಿಯದ ಸೆರೆಂಗೆಟಿಗೆ ಹೋಗಿ ಬರುತ್ತಿವೆ. ಸಂತೋಷದ ಸಂಗತಿ. 'ಸಫಾರಿ' ಸ್ವಾಹಿಲಿ ಭಾಷೆಯ ಮಾತು, ಅರ್ಥ ಪ್ರಯಾಣ. ನಮ್ಮ ಊರುಗಳ ದಖನಿ ಮಾತಿನ 'ಸಫರ್' ಇದೆಯಲ್ಲ, ಎರಡಕ್ಕೂ ಬೇರು ಅರಬ್ಬಿಯಲ್ಲೇ. ಆದರೆ ಅಲ್ಲಿಯ ಬಯಲು ಹುಲ್ಲುಗಾವಲಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಪ್ರಾಣಿಗಳನ್ನು ಕಂಡು ಬಂದವರು ವಯನಾಡಿನಲ್ಲಿ ಅದನ್ನೇ ನಿರೀಕ್ಷಿಸಿ ಸಪ್ಪೆ ಮುಖ ಹಾಕುತ್ತಾರೆ. ಇಲ್ಲಿ ಬಿದಿರ ಮೆಳೆಯ ಹಿಂದೆ, ಇಪ್ಪತ್ತು ಹೆಜ್ಜೆ ಆಚೆ, ಒಂಟಿಸಲಗ ನಿಂತಿದ್ದರೂ ಕಾಣುವುದಿಲ್ಲ. ಕಣ್ಣಿಗಿಂತ ಮೊದಲು ಕಿವಿ, ಮೂಗು ಕೆಲಸ ಮಾಡಬೇಕು. ಆಫ್ರಿಕಾದಿಂದ ಇಲ್ಲಿಗೆ ತರಬಹುದಾದದ್ದು ಬೇರೊಂದಿದೆ: ಕಾಡಿನಲ್ಲಿ ನಡೆಯುವ ಪದ್ಧತಿ. ಜಾಂಬಿಯಾದ ಲುವಾಂಗ್ವಾ ಕಣಿವೆಯಲ್ಲಿ ನಾರ್ಮನ್ ಕಾರ್ ಎಂಬವರು ಕಾಲ್ನಡಿಗೆಯ ಸಫಾರಿಗೆ ನೆಲೆ ಒದಗಿಸಿದರು. 1950ರಲ್ಲಿ ಅಲ್ಲಿನ ಬುಡಕಟ್ಟಿನ ಮುಖಂಡರ ಜೊತೆ ಸೇರಿ ಅವರು ಶಿಬಿರ ತೆರೆದಾಗ ಬಂದ ಹಣ ಆ ಜನಕ್ಕೇ ಸೇರಬೇಕೆಂಬ ಒಪ್ಪಂದವಾಗಿತ್ತು. ವಯನಾಡಿನಲ್ಲಿ ನಿಮ್ಮನ್ನು ಬೆಟ್ಟ ಹತ್ತಿಸುವವರು ಬಹುಮಟ್ಟಿಗೆ ಅರಣ್ಯ ಇಲಾಖೆಯ ಕೆಳಗಿರುವ ವನ ಸಂರಕ್ಷಣಾ ಸಮಿತಿ, ಪರಿಸರ ಅಭಿವೃದ್ಧಿ ಸಮಿತಿಗಳ ಸ್ಥಳೀಯರು, ಅವರಲ್ಲಿ ಅನೇಕರು ಆದಿವಾಸಿಗಳು. ನೀವು ಕೊಡುವ ಟಿಕೆಟ್ ದುಡ್ಡಿಗೆ ಆ ಊರಿನ ಸಂಬಳದ ಜೊತೆ ನೇರ ನಂಟಿದೆ.

ಎರಡು ತುಂಡಿನ ಅಭಯಾರಣ್ಯ

ವಯನಾಡು ವನ್ಯಜೀವಿಧಾಮ 1973ರಲ್ಲಿ ಆದದ್ದು. ವಿಸ್ತೀರ್ಣ 344 ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಕ್ಷೆಯಲ್ಲಿ ನೋಡಿದರೆ ಅದು ಒಂದಲ್ಲ, ಎರಡು ತುಂಡು. ಉತ್ತರದಲ್ಲಿ ತೋಲ್ಪೆಟ್ಟಿ, ಕೊಡಗಿನ ಕುಟ್ಟದ ಪಕ್ಕದಲ್ಲೇ, ನಾಗರಹೊಳೆಗೆ ಅಂಟಿಕೊಂಡಿದೆ. ದಕ್ಷಿಣದಲ್ಲಿ ಮುತ್ತಂಗ, ಸುಲ್ತಾನ್ ಬತ್ತೇರಿ, ಕುರಿಚ್ಯಾಡ್ ವಲಯಗಳು. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ತಮಿಳುನಾಡಿನ ಮುದುಮಲೆ. ನಡುವೆ ಕಾಫಿ ತೋಟ, ಗದ್ದೆ, ಪಟ್ಟಣ, ಜನ. ಈ ಎರಡು ತುಂಡುಗಳ ನಡುವಿನ ಜಾಗದಲ್ಲೇ ಆನೆ ಮತ್ತು ಮನುಷ್ಯರ ಹೆಚ್ಚಿನ ಮುಖಾಮುಖಿಗಳು ನಡೆಯುತ್ತವೆ ಎಂಬುದನ್ನು ಹೊರಡುವ ಮೊದಲೇ ತಿಳಿದಿರಬೇಕು.

ಊರಿನ ಹೆಸರೇ ವಯಲ್ ನಾಡು. 'ವಯಲ್' ಎಂದರೆ ಗದ್ದೆ ಬಯಲು. ಕಾಡಿನೊಳಗಿನ ಜವುಗು ಹುಲ್ಲುಬಯಲಿಗೂ ಅದೇ ಮಾತು. ನಾಗರಹೊಳೆಯಲ್ಲಿ ನಾವು 'ಹಡ್ಲು' ಎನ್ನುತ್ತೇವಲ್ಲ, ಅದೇ ಇದು. ಮರದ ಕಾಡಿನ ನಡುವೆ ಥಟ್ಟನೆ ತೆರೆದುಕೊಳ್ಳುವ ಹಸಿರು ಬಟ್ಟಲು. ನೆಲದಡಿ ನೀರು, ಮೇಲೆ ಬೇಸಗೆಯಲ್ಲೂ ಎಳೆಹುಲ್ಲು. ಸಫಾರಿಯಲ್ಲಿ ಪ್ರಾಣಿ ಕಾಣುವುದಾದರೆ ಇಲ್ಲೇ. ಜೀಪು ವಯಲಿನ ಅಂಚಿಗೆ ಬಂದಾಗ ಮೊಬೈಲ್ ಕೆಳಗಿಟ್ಟು ಎದುರಿನ ಮರಗಳ ನೆರಳಿನ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನೋಡಿ. ಕಲ್ಲು ಎಂದುಕೊಂಡದ್ದು ಕಿವಿ ಬೀಸುತ್ತದೆ. ಒಣಗಿದ ಪೊದೆ ಎಂದುಕೊಂಡದ್ದು ಕಾಟಿಯಾಗಿ ತಲೆಯೆತ್ತುತ್ತದೆ.

ಬೇಸಗೆ ಬಂದರೆ ಬಂಡೀಪುರ, ಮುದುಮಲೆಗಳ ಒಣ ಕಾಡು ಬೋಳಾಗುತ್ತದೆ, ಕೆರೆಗಳು ಬತ್ತುತ್ತವೆ. ಆನೆಗಳು ಆಗ ವಯನಾಡಿನ ತೇವದ ಕಡೆಗೂ ಕಬಿನಿಯ ಹಿನ್ನೀರಿನ ಕಡೆಗೂ ಸರಿಯುತ್ತವೆ. ಮಳೆ ಬಿದ್ದು ಹುಲ್ಲು ಚಿಗುರಿದರೆ ಮತ್ತೆ ಹಿಂದಕ್ಕೆ. ಅವುಗಳ ಲೆಕ್ಕದಲ್ಲಿ ಇದು ಒಂದೇ ಮನೆಯ ಮೂರು ಕೋಣೆ.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ. ಇದು ನನ್ನ ಖಚಿತ ಅಭಿಪ್ರಾಯ. ಮಳೆ ನಿಂತು ಗಾಳಿ ತಿಳಿಯಾಗಿರುತ್ತದೆ, ಬೆಟ್ಟದ ಹುಲ್ಲು ಇನ್ನೂ ಹಸಿರು, ಬೆಳಗಿನ ಚಳಿಗೆ ನಡಿಗೆ ಹಿತ.

"ಬೇಸಗೆಯಲ್ಲಿ ಪ್ರಾಣಿ ಹೆಚ್ಚು ಕಾಣುತ್ತವೆ" ಎಂಬ ಮಾತು ಕೇಳಿ ಮಾರ್ಚಿನಲ್ಲಿ ಹೋಗಿ ಬೀಗ ಹಾಕಿದ ಗೇಟಿನ ಮುಂದೆ ನಿಂತವಳು ನಾನು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಕಾಡ್ಗಿಚ್ಚಿನ ಭಯ ಶುರುವಾದರೆ ಅರಣ್ಯ ಇಲಾಖೆ ಸಫಾರಿಯನ್ನೂ ಬೆಟ್ಟದ ಚಾರಣಗಳನ್ನೂ ನಿಲ್ಲಿಸುತ್ತದೆ. ಒಳ್ಳೆಯ ಮಳೆ ಬಿದ್ದ ಮೇಲೆ ತೆರೆಯುತ್ತದೆ. ಹಾಗೆ ನಿಲ್ಲಿಸುವುದು ಸರಿಯೂ ಹೌದು. ನೀರು ಹುಡುಕಿ ಬಂದ ಪ್ರಾಣಿಗಳಿಗೆ ಆ ಎರಡು ತಿಂಗಳು ನೆಮ್ಮದಿ ಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟ ಹತ್ತುವ ಯೋಚನೆ ಬೇಡ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿಯ ಮೇಲಿನ ಪುಂಜಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಕರ್ನಾಟಕ ಸರ್ಕಾರವೂ ಸಂತ್ರಸ್ತರಿಗೆ ನೂರು ಮನೆ ಕಟ್ಟಿಸಿಕೊಡುವುದಾಗಿ ಹೇಳಿತ್ತು. ಆ ಊರುಗಳನ್ನು 'ನೋಡಿ ಬರಲು' ಹೋಗಬೇಡಿ. ದುಃಖದ ಮನೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಹಾಗೆ ಅದು. ಮಳೆಗಾಲದಲ್ಲಿ ಜಿಲ್ಲಾಡಳಿತ ಕೆಂಪು ಅಥವಾ ಕಿತ್ತಳೆ ಎಚ್ಚರಿಕೆ ಹೊರಡಿಸಿದರೆ ಪ್ರವಾಸಿ ತಾಣಗಳು ಮುಚ್ಚುತ್ತವೆ, ಘಾಟಿ ರಸ್ತೆಗಳೂ ಅಪಾಯ. ಕೋಣೆಗೆ ಕೊಟ್ಟ ಮುಂಗಡದ ಆಸೆ ಬಿಟ್ಟು ಹಿಂದಿರುಗಿ.

ದಾರಿ ಮತ್ತು ಗೇಟುಗಳ ಗಡಿಯಾರ

ಕರ್ನಾಟಕದಿಂದ ಮೂರು ದಾರಿ. ಮೈಸೂರು, ಗುಂಡ್ಲುಪೇಟೆ, ಮೂಲೆಹೊಳೆ ಹಾದು ಮುತ್ತಂಗಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 766 ಮೊದಲನೆಯದು. ಮೈಸೂರಿನಿಂದ ಸುಲ್ತಾನ್ ಬತ್ತೇರಿಗೆ ಸುಮಾರು 115 ಕಿಲೋಮೀಟರ್. ಬಂಡೀಪುರದ ಒಳಗೆ ಇದು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಲ್ಲಿ ಚಾಮರಾಜನಗರ ಜಿಲ್ಲಾಡಳಿತ ತಂದ ಈ ನಿಷೇಧವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೇರಳದ ಕಡೆಯ ಅನೇಕರಿಗೆ ಈ ಬಗ್ಗೆ ಬೇಸರವಿದೆ, ವ್ಯಾಪಾರಕ್ಕೆ, ಆಸ್ಪತ್ರೆಗೆ ಓಡಾಡುವವರ ಕಷ್ಟ ಸುಳ್ಳಲ್ಲ. ಆದರೂ ರಾತ್ರಿ ಲಾರಿಗಳಡಿ ಸಿಕ್ಕಿ ಸಾಯುತ್ತಿದ್ದ ಜಿಂಕೆ, ಕಡವೆಗಳನ್ನು ಆ ರಸ್ತೆಯಲ್ಲಿ ಕಂಡಿದ್ದವರಿಗೆ ನಿಷೇಧ ಏಕೆ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಎಚ್.ಡಿ. ಕೋಟೆ, ಬಳ್ಳೆ, ಬಾವಲಿ ಮೂಲಕ ಮಾನಂದವಾಡಿಗೆ. ನಾಗರಹೊಳೆಯ ಒಳಗಿಂದ ಸಾಗುವ ಈ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ಮೂರನೆಯದು ಹುಣಸೂರು, ಗೋಣಿಕೊಪ್ಪ, ಕುಟ್ಟ, ತೋಲ್ಪೆಟ್ಟಿ. ಸುತ್ತು ಹೆಚ್ಚು, ಆದರೆ ರಾತ್ರಿ ತೆರೆದಿರುವುದು ಇದೇ. ವಯನಾಡಿನಲ್ಲಿ ರೈಲಿಲ್ಲ. ಮೈಸೂರಿನಿಂದ ಎರಡೂ ರಾಜ್ಯಗಳ ಸಾರಿಗೆ ಬಸ್ಸುಗಳಿವೆ, ಕಾರಿಲ್ಲದವರು ಚಿಂತಿಸಬೇಕಾಗಿಲ್ಲ.

ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಬಾರದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಕೋತಿಗೆ ಬಾಳೆಹಣ್ಣು ಕೊಡುವುದು ದಯೆಯಲ್ಲ, ಅದನ್ನು ಚಕ್ರದಡಿಗೆ ಕರೆಯುವುದು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಜೊತೆ ಸೆಲ್ಫಿಗೆ ಹೋದ ವ್ಯಕ್ತಿಯನ್ನು ಅದು ಬೆನ್ನಟ್ಟಿ ತುಳಿದ ದೃಶ್ಯವನ್ನು ಎಲ್ಲರೂ ನೋಡಿದ್ದೇವೆ. ಅವರು ಬದುಕಿ ಉಳಿದದ್ದು ಅದೃಷ್ಟ.

ಜೀಪಿನ ಎರಡು ತಾಸು

ಮುತ್ತಂಗ, ತೋಲ್ಪೆಟ್ಟಿ ಎರಡರಲ್ಲೂ ಜೀಪ್ ಸಫಾರಿ ಇದೆ: ಬೆಳಿಗ್ಗೆ 7ರ ಹೊತ್ತಿಗೆ ಒಂದು ಸರದಿ, ಮಧ್ಯಾಹ್ನ 3ರ ಹೊತ್ತಿಗೆ ಇನ್ನೊಂದು. ದಿನಕ್ಕೆ ಇಷ್ಟೇ ಜೀಪು ಎಂಬ ಮಿತಿಯಿದೆ. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ, ಗೈಡ್ ಶುಲ್ಕ, ಜೀಪಿನ ಬಾಡಿಗೆ, ಕ್ಯಾಮೆರಾ ಇದ್ದರೆ ಅದರದ್ದು, ಎಲ್ಲ ಬೇರೆ ಬೇರೆ. ದರವೂ ನಿಯಮವೂ ಬದಲಾಗುತ್ತಿರುವುದರಿಂದ ಹೊರಡುವ ಹಿಂದಿನ ದಿನ ವನ್ಯಜೀವಿಧಾಮದ ಕಚೇರಿಯಲ್ಲೇ ವಿಚಾರಿಸಿ. ಅದರ ಕೇಂದ್ರ ಕಚೇರಿ ಸುಲ್ತಾನ್ ಬತ್ತೇರಿಯಲ್ಲಿದೆ. ವಾರಾಂತ್ಯದಲ್ಲಿ ಕೌಂಟರ್ ತೆರೆಯುವ ಬಹಳ ಮೊದಲೇ ಸಾಲು ಬೆಳೆದಿರುತ್ತದೆ. ಮಂಗಳವಾರ, ಬುಧವಾರ ಹೋದರೆ ಕಾಡೂ ನಿಶ್ಶಬ್ದ, ಗೈಡಿಗೂ ಮಾತಾಡಲು ಪುರುಸೊತ್ತು.

ಜೀಪಿನಲ್ಲಿ ಆನೆ, ಕಾಟಿ, ಜಿಂಕೆ, ಕಡವೆ, ಮುಸುವ ಕಾಣುವ ಸಂಭವ ಚೆನ್ನಾಗಿದೆ. ಸೀಳುನಾಯಿಗಳ ಗುಂಪು ಸಿಕ್ಕರೆ ಅದು ಒಳ್ಳೆಯ ದಿನ. ಹುಲಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಕಾಶವನ್ನೂ ನೋಡಿ: ಕೇರಳದಲ್ಲಿ ರಣಹದ್ದುಗಳ ನೆಲೆ ಉಳಿದಿರುವುದು ವಯನಾಡಿನಲ್ಲಿ ಮಾತ್ರ. ಜಾನುವಾರಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ನೋವಿನ ಔಷಧಿಯ ಅಂಶವಿದ್ದ ಹೆಣ ತಿಂದು ಇಡೀ ದೇಶದಲ್ಲಿ ರಣಹದ್ದುಗಳು ಸತ್ತುಹೋದಾಗ, ಕಾಡುಪ್ರಾಣಿಗಳ ಹೆಣ ಸಿಗುವ ಇಂಥ ಮೂಲೆಗಳಲ್ಲಿ ಕೆಲವು ಉಳಿದುಕೊಂಡವು.

ಸೆಪ್ಟೆಂಬರ್, ಅಕ್ಟೋಬರ್ ಸುಮಾರಿಗೆ ಮುತ್ತಂಗದ ದಾರಿಬದಿಯಲ್ಲಿ ಹಳದಿ ಹೂವಿನ ಮರಗಳು ಕಾಡಿಗೇ ಅರಿಸಿನ ಎರಚಿದಂತೆ ನಿಂತಿರುತ್ತವೆ. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದು ಸೆನ್ನಾ ಸ್ಪೆಕ್ಟಾಬಿಲಿಸ್. ಅಲ್ಲಿನವರು 'ಮಂಞಕೊನ್ನ' ಎನ್ನುತ್ತಾರೆ. ಉಷ್ಣವಲಯದ ಅಮೆರಿಕದ ಮರ, ಅಂದಕ್ಕೆಂದು ನೆಟ್ಟದ್ದು ಕಾಡನ್ನೇ ನುಂಗುತ್ತಿದೆ. ಅದರ ನೆರಳಿನಲ್ಲಿ ಹುಲ್ಲು ಹುಟ್ಟುವುದಿಲ್ಲ. ಕಡಿದರೆ ಬುಡದಿಂದ ಹತ್ತು ಚಿಗುರು. ಸಣ್ಣ ಗಿಡಗಳನ್ನು ಬೇರುಸಹಿತ ಕಿತ್ತು, ದೊಡ್ಡ ಮರದ ತೊಗಟೆಯನ್ನು ಬುಡದ ಸುತ್ತ ಸುಲಿದು ನಿಂತಲ್ಲೇ ಒಣಗಿಸುವ ಕೆಲಸ ನಡೆದಿದೆ. ಹಾಗೆ ಬೋಳಾಗಿ ನಿಂತ ಮರಗಳನ್ನು ಕಂಡು "ಅಯ್ಯೋ, ಮರ ಕೊಂದಿದ್ದಾರೆ" ಎಂದು ಮರುಗಿದವಳು ನಾನೇ. ಗೈಡ್ ಜೀಪು ನಿಲ್ಲಿಸಿ, ಆ ಮರದಡಿಯ ಬರಡು ನೆಲವನ್ನೂ ಪಕ್ಕದ ಬಿದಿರಿನಡಿಯ ಹುಲ್ಲನ್ನೂ ತೋರಿಸಿದರು. ಹುಲ್ಲಿಲ್ಲದ ಕಾಡಿನಿಂದ ಹೊರಟ ಜಿಂಕೆ ಎಲ್ಲಿಗೆ ಹೋಗುತ್ತದೆ, ಅದರ ಹಿಂದೆ ಯಾರು ಹೋಗುತ್ತಾರೆ ಎಂದು ಕೇಳಿದರು. ಊರಿಗೆ ಹುಲಿ ಬಂತು ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಆ ಹಳದಿ ಹೂ ನೆನಪಾಗುತ್ತದೆ.

ಕಾಲಿನ ಮೇಲೆ

ಅಭಯಾರಣ್ಯದ ಒಳಗೆ ಮನಬಂದಲ್ಲಿ ನಡೆಯುವಂತಿಲ್ಲ. ನಡೆಯಲು ಇಲಾಖೆ ಗುರುತಿಸಿದ ದಾರಿಗಳಿವೆ. ಅವು ಹೆಚ್ಚಾಗಿ ದಕ್ಷಿಣದ, ಪಶ್ಚಿಮದ ಬೆಟ್ಟಗಳಲ್ಲಿ.

ಮೊದಲ ಸಲ ಹೋಗುವವರಿಗೆ ಚೆಂಬ್ರ. ಮೇಪ್ಪಾಡಿಯಿಂದ ಹತ್ತಿರ, ಎತ್ತರ ಸುಮಾರು 2,100 ಮೀಟರ್, ಜಿಲ್ಲೆಯಲ್ಲೇ ಎತ್ತರದ ಶಿಖರ. ಚಹಾ ತೋಟ ದಾಟಿದರೆ ಹುಲ್ಲಿನ ಏರು, ಮಡಿಲುಗಳಲ್ಲಿ ಶೋಲಾ ಕಾಡು. ಅರ್ಧದಾರಿಯಾಚೆ ಹೃದಯದ ಆಕಾರದ ಪುಟ್ಟ ಕೊಳ. ಪ್ರವಾಸಿಗರನ್ನು ಬಿಡುವುದು ಆ ಕೊಳದವರೆಗೆ ಮಾತ್ರ. ಶಿಖರ ಮುಟ್ಟಲಿಲ್ಲವೆಂದು ಕೊರಗುವವರಿದ್ದಾರೆ, ನಾನೂ ಕೊರಗಿದ್ದೆ. ಬೇಸಗೆಯಲ್ಲಿ ಅಲ್ಲಿ ಬಿದ್ದ ಬೆಂಕಿ ಹುಲ್ಲುಗಾವಲನ್ನು ಹೇಗೆ ಸುಟ್ಟಿತ್ತೆಂದು ತಿಳಿದ ಮೇಲೆ ಆ ಗೆರೆ ಸರಿಯೆನಿಸಿತು. ಗುಂಪಿಗೊಬ್ಬ ಗೈಡ್ ಕಡ್ಡಾಯ, ಟಿಕೆಟ್ ಬೆಳಿಗ್ಗೆ ಬೇಗ ಕೊಟ್ಟು ಮಧ್ಯಾಹ್ನದೊಳಗೆ ನಿಲ್ಲಿಸುತ್ತಾರೆ, ರಾತ್ರಿ ತಂಗಲು ಅನುಮತಿಯಿಲ್ಲ. ಮಂಡಿನೋವಿರುವವರು ಇಳಿಯುವ ದಾರಿಯನ್ನೇ ನೆನೆದು ಹತ್ತಬೇಕು. ಹತ್ತುವಾಗ ದಣಿವು, ಇಳಿಯುವಾಗ ನೋವು. ಒಂದು ಗಟ್ಟಿ ಬಿದಿರು ಕೋಲು ದುಬಾರಿ ಬೂಟಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬಾಣಾಸುರ ಬೆಟ್ಟ ಪಡಿಂಞಾರತ್ತರದ ಕಡೆ. ಸುಮಾರು 2,070 ಮೀಟರ್. ಕೆಳಗೆ ಬಾಣಾಸುರ ಸಾಗರ, ದೇಶದ ಅತಿ ದೊಡ್ಡ ಮಣ್ಣಿನ ಅಣೆಕಟ್ಟೆಂದು ಹೆಸರಾದದ್ದು. ಮಲೆನೆತ್ತಿಯ ಶೋಲಾದಲ್ಲಿ ಬಾಣಾಸುರನ ಹೆಸರಿನದೇ ಒಂದು ಹರಟೆಮಲ್ಲ ಹಕ್ಕಿ ಇದೆ. ವಯನಾಡು ಮತ್ತು ಕೊಡಗಿನ ಎತ್ತರದ ಕೆಲವೇ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕಾಗಿಯೇ ದುರ್ಬೀನು ಹಿಡಿದು ಹೋಗುವವರಿದ್ದಾರೆ.

ನನಗೆ ಅತ್ಯಂತ ಪ್ರಿಯವಾದದ್ದು ತಿರುನೆಲ್ಲಿಯಿಂದ ಬ್ರಹ್ಮಗಿರಿಯ ದಾರಿ. ಬ್ರಹ್ಮಗಿರಿ ನಮ್ಮ ಬೆಟ್ಟವೂ ಹೌದು; ಕೊಡಗಿನ ಇರ್ಪು ಜಲಪಾತದ ಕಡೆಯಿಂದ ಕರ್ನಾಟಕದ ಇಲಾಖೆಯ ಅನುಮತಿಯಲ್ಲಿ ಹತ್ತುವವರು ಗಡಿಯ ಗೆರೆಯ ಈಚೆ ನಿಲ್ಲುತ್ತಾರೆ, ತಿರುನೆಲ್ಲಿಯಿಂದ ಹತ್ತುವವರು ಆಚೆ. ತಿರುನೆಲ್ಲಿಯ ವಿಷ್ಣು ದೇಗುಲದ ಹಿಂದೆ ಕಲ್ಲುಕಂಬಗಳ ಮೇಲೆ ಕಲ್ಲಿನ ದೋಣಿಯಲ್ಲಿ ಬೆಟ್ಟದ ನೀರು ಹರಿದು ಬರುತ್ತದೆ. ಅಲ್ಲಿನ ಪಾಪನಾಶಿನಿಯಲ್ಲಿ ಪಿತೃಕಾರ್ಯಕ್ಕೆಂದು ಕೊಡಗಿನಿಂದ, ಮೈಸೂರಿನಿಂದ ಜನ ಬರುತ್ತಾರೆ. ದೇವಸ್ಥಾನದ ಹಿಂದಿನಿಂದ ಸುಮಾರು 7 ಕಿಲೋಮೀಟರ್ ನಡೆದರೆ ಪಕ್ಷಿಪಾತಾಳ: ಹೆಬ್ಬಂಡೆಗಳು ಒಂದರ ಮೇಲೊಂದು ಬಿದ್ದು ಆದ ಗವಿಗಳು. ಇದಕ್ಕೆ ಮಾನಂದವಾಡಿಯ ಉತ್ತರ ವಯನಾಡು ಅರಣ್ಯ ವಿಭಾಗದ ಅನುಮತಿ ಬೇಕು, ಕೆಲವು ವರ್ಷ ಕೊಡುತ್ತಾರೆ, ಕೆಲವು ವರ್ಷ ಇಲ್ಲ. ಇಲ್ಲ ಎಂದರೆ ಇಲ್ಲ. ಹಣ ಪಡೆದು ಕದ್ದು ಕರೆದೊಯ್ಯುತ್ತೇವೆ ಎನ್ನುವವರ ಜೊತೆ ಹೋಗುವುದು ಅಪರಾಧ, ಜೊತೆಗೆ ಅದು ಆನೆಗಳ ಹಾದಿ.

ಆ ಬೆಟ್ಟದಲ್ಲಿ ಗೈಡ್ ಒಬ್ಬರು ನನಗೆ ಕಲಿಸಿದ ಪಾಠ ಇದು. ಹೊಸ ಹೆಜ್ಜೆಯೊಂದನ್ನು ಬಳ್ಳಿಯಿಂದ ಸುತ್ತಳೆದು, ಬಳ್ಳಿಯನ್ನು ಎರಡರಷ್ಟು ಮಾಡಿ ನೆಲದಿಂದ ಮೇಲಕ್ಕೆ ಹಿಡಿದರು: ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಅದರ ಭುಜದ ಎತ್ತರ. ಬಳ್ಳಿಯ ತುದಿ ನನ್ನ ತಲೆಯ ಮೇಲೆ ಎಲ್ಲೋ ಇತ್ತು. ಕಾಣದ ಆನೆ ಆ ಕ್ಷಣ ಎದುರಿಗೆ ಬಂದು ನಿಂತಂತಾಯಿತು. ಅಂಥ ಎತ್ತರ ಯಾವ ಜೀಪಿನಿಂದಲೂ ನನಗೆ ತಿಳಿದಿರಲಿಲ್ಲ. ಮರದ ಕಾಂಡಕ್ಕೆ ಮೆತ್ತಿದ ಕೆಸರು ಒಣಗಿದೆಯೋ ಹಸಿಯೋ, ಲದ್ದಿ ಬೆಚ್ಚಗಿದೆಯೋ, ಬಿದಿರು ಮುರಿಯುವ ಸದ್ದು ಗಾಳಿಯದೋ ಸೊಂಡಿಲಿನದೋ, ಮರದ ಮೇಲಿನ ಮುಸುವ ಸುಮ್ಮನೆ ಕೂಗುತ್ತಿದೆಯೋ ಕೆಮ್ಮಿದಂತೆ ಬೊಗಳುತ್ತಿದೆಯೋ, ಇವನ್ನೆಲ್ಲ ಅವರು ನಡೆಯುತ್ತಲೇ ಓದುತ್ತಿದ್ದರು.

ಅವರ ಮಾತು ನನಗೆ ಅಷ್ಟು ಸಲೀಸಾಗಿ ತಿಳಿದದ್ದಕ್ಕೂ ಕಾರಣವಿದೆ. ಇಲ್ಲಿನ ಕಾಟ್ಟುನಾಯ್ಕರು ನಮ್ಮ ಜೇನುಕುರುಬರ ಬಳಗ, ಮನೆಮಾತು ಕನ್ನಡಕ್ಕೆ ತೀರ ಹತ್ತಿರ. ಕೊಡಗಿನಲ್ಲಿ ನಾವು ಎರವರೆನ್ನುವವರೇ ಇಲ್ಲಿನ ಅಡಿಯರು. ಕನ್ನಡದಲ್ಲೇ ನಿಧಾನವಾಗಿ ಮಾತಾಡಿ ನೋಡಿ, ಮುಖ ಅರಳುತ್ತದೆ. ಆದರೆ ಅವರ ಹಾಡಿಗಳಿಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಮುತ್ತಂಗ ಎಂಬ ಹೆಸರಿಗೆ ಕೇರಳದಲ್ಲಿ ಸಫಾರಿಯಾಚೆಯ ಅರ್ಥವೂ ಇದೆ: ಭೂಮಿಗಾಗಿ ಸಿ.ಕೆ. ಜಾನು ಅವರ ಮುಂದಾಳತ್ವದಲ್ಲಿ ಕಾಡಿನಲ್ಲಿ ಗುಡಿಸಲು ಕಟ್ಟಿದ್ದ ಆದಿವಾಸಿಗಳ ಮೇಲೆ 2003ರ ಫೆಬ್ರವರಿ 19ರಂದು ಗೋಲಿಬಾರ್ ನಡೆಯಿತು. ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಸತ್ತರು. ನಿಮಗೆ ದಾರಿ ತೋರುವವರಿಗೆ ಈ ಕಾಡಿನ ಜೊತೆ ಇರುವ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.

ಚೀಲದಲ್ಲಿ ಏನಿರಬೇಕು

ಮಾಸಲು ಹಸಿರು, ಕಂದು ಬಣ್ಣದ ಉದ್ದ ತೋಳಿನ ಅಂಗಿ. ಒದ್ದೆಯಾದರೆ ಒಣಗುವ ಪ್ಯಾಂಟು, ಜೀನ್ಸ್ ಬೇಡ. ಹಿಡಿತವಿರುವ ಬೂಟು, ಮನೆಯಲ್ಲಿ ಹದಿನೈದು ದಿನ ಹಾಕಿ ಪಳಗಿಸಿದ್ದು. ಎರಡು ಲೀಟರ್ ನೀರು, ಪ್ಲಾಸ್ಟಿಕ್ ಬಾಟಲಿಯಲ್ಲಲ್ಲ. ಸುಗಂಧ ದ್ರವ್ಯ ಬೇಡ, ಗಾಳಿ ಅದನ್ನು ನಿಮಗಿಂತ ಮೊದಲು ಆನೆಗೆ ಮುಟ್ಟಿಸುತ್ತದೆ.

ಮಳೆ ಮುಗಿದ ಮೊದಲ ತಿಂಗಳುಗಳಲ್ಲಿ ಉಂಬಳ ಇದ್ದೇ ಇರುತ್ತದೆ. ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಉಪ್ಪೋ ಹೊಗೆಸೊಪ್ಪಿನ ಪುಡಿಯೋ ಇಟ್ಟುಕೊಳ್ಳಿ. ಉಂಬಳದಿಂದ ಹೋಗುವುದು ಹನಿ ರಕ್ತ, ಹೆದರಬೇಡಿ. ನಿಜವಾಗಿ ಹೆದರಬೇಕಾದದ್ದು ಉಣುಗಿಗೆ. ಅದರಿಂದ ಹರಡುವ ಮಂಗನ ಕಾಯಿಲೆ ಶಿವಮೊಗ್ಗದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾಯಿತಲ್ಲ, ಅದೇ ಕಾಯಿಲೆ 2015ರಲ್ಲಿ ವಯನಾಡಿನಲ್ಲಿ ಹಬ್ಬಿ ಸಾವುಗಳಾದವು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೆ ತಿಳಿಸಿ. ಒಣ ಎಲೆಯ ಮೇಲೆ ಕೂರಬೇಡಿ. ಉಣುಗು ಓಡಿಸುವ ಎಣ್ಣೆ ಹಚ್ಚಿಕೊಳ್ಳಿ. ಕೋಣೆಗೆ ಬಂದೊಡನೆ ಬಿಸಿನೀರ ಸ್ನಾನ, ಬಟ್ಟೆ ನೇರ ಬಕೆಟ್ಟಿಗೆ, ಮೈ ಪೂರ್ತಿ ತಡಕಿ ನೋಡಿ. ಊರಿಗೆ ಮರಳಿದ ಎರಡು ವಾರದೊಳಗೆ ಜ್ವರ ಬಂದರೆ ವೈದ್ಯರಿಗೆ "ಕಾಡಿಗೆ ಹೋಗಿದ್ದೆ" ಎಂಬ ಮಾತನ್ನು ಮೊದಲು ಹೇಳಿ. ಮಲೆನಾಡಿನವರಿಗೆ ಇದು ಗೊತ್ತು, ಬೆಂಗಳೂರಿನವರು ಮರೆಯುತ್ತಾರೆ.

ಆನೆಯ ಊರಿನಲ್ಲಿ ಅತಿಥಿ

2024ರ ಫೆಬ್ರವರಿ ವಯನಾಡಿಗೆ ಕೆಟ್ಟ ತಿಂಗಳು. ಕರ್ನಾಟಕದ ಇಲಾಖೆ ಬೇಲೂರಿನ ಕಡೆ ಹಿಡಿದು, ರೇಡಿಯೊ ಕಾಲರ್ ತೊಡಿಸಿ ಮೂಲೆಹೊಳೆಯ ಕಾಡಿಗೆ ಬಿಟ್ಟಿದ್ದ ಮಖ್ನಾ, ಅಂದರೆ ದಂತವಿಲ್ಲದ ಗಂಡಾನೆ, ಮಾನಂದವಾಡಿ ಬಳಿಯ ಊರಿನೊಳಗೆ ಬಂದು ಒಬ್ಬರನ್ನು ಕೊಂದಿತು. ವಾರದೊಳಗೆ ಕುರುವಾ ದ್ವೀಪದ ಪ್ರವಾಸಿ ಕೇಂದ್ರದ ನೌಕರರೊಬ್ಬರು ಪಾಕ್ಕಂ ಬಳಿ ಇನ್ನೊಂದು ಆನೆಗೆ ಬಲಿಯಾದರು. ಜನ ಬೀದಿಗಿಳಿದರು, ಕಾಡಿನ ಪ್ರವಾಸಿ ತಾಣಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ಆಮೇಲೆ ಹೈಕೋರ್ಟ್ ಅನುಮತಿಯೊಂದಿಗೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಲ್ಲಿ ತೆರೆದವು. ಆ ಮಿತಿ ಏಕೆ ಎಂದು ಕೌಂಟರಿನಲ್ಲಿ ಜಗಳಕ್ಕಿಳಿಯುವವರನ್ನು ಕಂಡಿದ್ದೇನೆ. ಕೌಂಟರಿನ ಒಳಗೆ ಕೂತವರ ಜೊತೆಗಾರರೇ ಸತ್ತಿದ್ದು ಎಂಬುದು ಅವರಿಗೆ ತಿಳಿದಿರಲಿಕ್ಕಿಲ್ಲ.

ತಂಗುವ ಜಾಗದ ಆಯ್ಕೆಯಲ್ಲಿ ನಿಷ್ಠುರವಾಗಿರಿ. 2021ರ ಜನವರಿಯಲ್ಲಿ ಮೇಪ್ಪಾಡಿ ಬಳಿ ಕಾಡಂಚಿನ ಟೆಂಟಿನಲ್ಲಿ ತಂಗಿದ್ದ ಪ್ರವಾಸಿ ಮಹಿಳೆಯೊಬ್ಬರು ರಾತ್ರಿ ಆನೆಗೆ ಸಿಕ್ಕಿ ಸತ್ತರು. ಟೆಂಟಿನ ಬಟ್ಟೆಗೂ ಕಾಡಿಗೂ ನಡುವೆ ಏನಿದೆ, ಪಂಚಾಯಿತಿಯ ಪರವಾನಗಿ ಇದೆಯೇ, ರಾತ್ರಿ ಶೌಚಕ್ಕೆ ಹೊರಗೆ ನಡೆಯಬೇಕೇ ಎಂದು ಕೇಳಿ. 'ರಾತ್ರಿ ಸಫಾರಿ', 'ಆನೆಗೆ ಹತ್ತಿರದ ನೋಟ' ಎಂದು ಆಸೆ ತೋರಿಸುವ ಜಾಗಕ್ಕೆ ಹೋಗಲೇಬೇಡಿ. ಬತ್ತೇರಿ, ಮಾನಂದವಾಡಿ, ಕಲ್ಪೆಟ್ಟಾ ಪಟ್ಟಣಗಳ ಸಾಧಾರಣ ಲಾಡ್ಜುಗಳೂ ತೋಟದ ಮನೆಗಳೂ ಸಾಕು.

ನಡಿಗೆಯಲ್ಲಿ ಗೈಡಿನ ಮಾತೇ ಕೊನೆಯದು. ನಿಲ್ಲಿ ಎಂದರೆ ನಿಲ್ಲಿ, ಹಿಂದಕ್ಕೆ ಎಂದರೆ ಹಿಂದಕ್ಕೆ, ಏಕೆ ಎಂದು ಆಮೇಲೆ ಕೇಳಿ. ಮಲಯಾಳದ ನಾಲ್ಕು ಪದ ಕಲಿತಿರಿ: ಆನ, ಕಡುವ, ಪುಲಿ, 'ಮಿಂಡಲ್ಲೆ', ಅಂದರೆ ಮಾತಾಡಬೇಡ.

ಐದು ದಿನ ಸಿಕ್ಕರೆ

ಮೊದಲ ದಿನ ಬೆಳಿಗ್ಗೆ ಮೈಸೂರು ಬಿಟ್ಟು ಮಧ್ಯಾಹ್ನದ ಸರದಿಗೆ ಮುತ್ತಂಗ, ರಾತ್ರಿ ಬತ್ತೇರಿ. ಎರಡನೆಯ ದಿನ ಎಡಕ್ಕಲ್ ಗವಿಗೆ, ಸೋಮವಾರ ರಜೆ. 1890ರ ದಶಕದಲ್ಲಿ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ ಹೊರಜಗತ್ತಿಗೆ ತಿಳಿಸಿದ ಶಿಲೆಯ ಗೀಚುಚಿತ್ರಗಳು ಅಲ್ಲಿವೆ, ಹತ್ತುವುದು ಮರುದಿನದ ಚೆಂಬ್ರಕ್ಕೆ ಅಭ್ಯಾಸವೂ ಆಗುತ್ತದೆ. ಸಂಜೆ ಬತ್ತೇರಿಯ ಹಳೆಯ ಜೈನ ಬಸದಿಯ ನೆರಳಲ್ಲಿ ಕೂತುಬಿಡಿ. ಟಿಪ್ಪುವಿನ ಮದ್ದುಗುಂಡಿನ ಕೋಠಿಯಿಂದ ಬತ್ತೇರಿ ಎಂಬ ಹೆಸರು ಬರುವ ಮೊದಲು ಈ ಊರಿಗೆ 'ಹನ್ನೆರಡು ಬೀದಿ' ಎಂಬ ಕನ್ನಡ ಹೆಸರಿತ್ತು ಎನ್ನುತ್ತಾರೆ. ವಯನಾಡಿನ ಜೈನ ಗೌಡರ ಮನೆಗಳಲ್ಲಿ ಕನ್ನಡ ಇನ್ನೂ ಇದೆ. ಮಲಯಾಳದ ದೊಡ್ಡ ಲೇಖಕ, ರಾಜಕಾರಣಿ ಎಂ.ಪಿ. ವೀರೇಂದ್ರಕುಮಾರ್ ಆ ಸಮುದಾಯದವರು. ಮೂರನೆಯ ದಿನ ಚೆಂಬ್ರ. ನಾಲ್ಕನೆಯ ದಿನ ಕಾಲಿಗೆ ವಿಶ್ರಾಂತಿ ಕೊಟ್ಟು ಪನಮರಂ ದಾರಿಯಲ್ಲಿ ಪುಂಜವಯಲಿನ ಗದ್ದೆಗಳ ನಡುವೆ ಪಾಳುಬಿದ್ದ ಜನಾರ್ದನ ಗುಡಿ, ವಿಷ್ಣು ಗುಡಿಗಳನ್ನು ನೋಡಿ. 'ಗುಡಿ' ಎಂಬ ಮಾತು ಅಲ್ಲಿ ಹೇಗೆ ಉಳಿಯಿತು ಎಂಬುದಕ್ಕೆ ಆ ಕಂಬಗಳ ಕೆತ್ತನೆಯೇ ಉತ್ತರ. ಊಟಕ್ಕೆ ಗಂಧಕಶಾಲ ಅಕ್ಕಿಯ ಅನ್ನ ಸಿಗುವಲ್ಲಿ ಕೇಳಿ. ಸಣ್ಣ ಕಾಳು, ಮುಚ್ಚಳ ತೆಗೆದರೆ ಮನೆಯೆಲ್ಲ ಪರಿಮಳ. ಐದನೆಯ ದಿನ ನಸುಕಿಗೇ ತಿರುನೆಲ್ಲಿ, ಅನುಮತಿಯಿದ್ದರೆ ಬ್ರಹ್ಮಗಿರಿ, ಇಲ್ಲದಿದ್ದರೆ ತೋಲ್ಪೆಟ್ಟಿಯ ಬೆಳಗಿನ ಜೀಪು.

ಬಾವಲಿಯ ದಾರಿಯಲ್ಲಿ ಮರಳುವವರು ಮಾನಂದವಾಡಿಯನ್ನು ನಾಲ್ಕು ಗಂಟೆಗೇ ಬಿಡಬೇಕು, ಆರಕ್ಕೆ ಗೇಟು ಬೀಳುತ್ತದೆ. ಅದಕ್ಕೂ ಮೊದಲು ಅರ್ಧ ಗಂಟೆ ಮಿಗಿಸಿಕೊಂಡು ಊರ ಬಳಿಯ ಕೂಡಲ್‌ಕಡವಿಗೆ ಹೋಗಿ ಬನ್ನಿ. ಪನಮರಂ ಹೊಳೆಯೂ ಮಾನಂದವಾಡಿ ಹೊಳೆಯೂ ಸೇರಿ ಕಬಿನಿಯಾಗುವುದು ಅಲ್ಲಿ. ಹೆಚ್ಚು ಜನ ಬರದ ಸಾಧಾರಣ ಕಡವು, ಬಿದಿರ ನೆರಳು, ಬಟ್ಟೆ ಒಗೆಯುವವರ ಸದ್ದು. ಚೆಂಬ್ರದ ಮಳೆಯ ಒಂದು ಪಾಲೂ ಬಾಣಾಸುರದ ಮಳೆಯೂ ಈ ನೀರಲ್ಲಿದೆ. ಇದು ಕುರುವಾ ದ್ವೀಪಗಳನ್ನು ಬಳಸಿ, ಗಡಿ ದಾಟಿ, ಬೀಚನಹಳ್ಳಿಯ ಕಟ್ಟೆಯ ಹಿಂದೆ ನಿಂತು, ಬೇಸಗೆಯ ಆನೆಗಳಿಗೆ ಕುಡಿಯಲು ಸಿಕ್ಕಿ, ನಂಜನಗೂಡಿನ ಮೆಟ್ಟಿಲು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರುತ್ತದೆ. ಹೊಳೆ ಹುಟ್ಟುವಲ್ಲಿಯೂ ಕೂಡಲು, ಮುಗಿಯುವಲ್ಲಿಯೂ ಕೂಡಲು. ನೀವು ಗೇಟು ದಾಟಿ ಬಳ್ಳೆಯ ಕಾಡಿನಲ್ಲಿ ಸಾಗುವಾಗ ಎಡಬಲಗಳಲ್ಲೆಲ್ಲೋ ಅದೂ ನಿಮ್ಮ ದಿಕ್ಕಿಗೇ ಹರಿಯುತ್ತಿರುತ್ತದೆ.